ಹಿಂದಿನ ಸೀಟಿನ ಮಾತು

ಕೋಲಾರದ ಬಸ್ ಸ್ಟ್ಯಾಂಡಿನ ಎದುರು ನಿಲ್ಲುತ್ತಿದ್ದ ಬಾಡಿಗೆ ಕಾರುಗಳಲ್ಲಿ ಕೋದಂಡರಾಮಪ್ಪನ ಲ್ಯಾಂಡ್‌ಮಾಸ್ಟರೇ ಎಲ್ಲಕ್ಕಿಂತ ಹಳೆಯದು. ದುಂಡು ಬೆನ್ನಿನ, ಮಜ್ಜಿಗೆ ಬಣ್ಣದ ಗಾಡಿ. ಶ್ರೀನಿವಾಸಪುರದ ಮಾವಿನ ಮಂಡಿಯ ಸಾಹುಕಾರರೊಬ್ಬರು ಬಹಳ ವರ್ಷ ಇಟ್ಟುಕೊಂಡಿದ್ದು, ಹೊಸ ಕಾರು ಬಂದ ಮೇಲೆ ತಮ್ಮ ಡ್ರೈವರ್ ಆಗಿದ್ದ ಇವನಿಗೇ ಅದನ್ನು ಬಿಟ್ಟುಕೊಟ್ಟಿದ್ದರು.

ಕೋದಂಡರಾಮಪ್ಪನಿಗೆ ಚಿಕ್ಕಂದಿನಿಂದ ತೊದಲು. ಮುಳಬಾಗಿಲು ಕಡೆಯ ಹಳ್ಳಿಯಲ್ಲಿ ಹೆಣ್ಣು ನೋಡಲು ಹೋದಾಗ ಹುಡುಗಿಯ ತಂದೆ ಹೆಸರು ಕೇಳಿದರೆ 'ಕೋ' ಎಂಬ ಅಕ್ಷರ ಗಂಟಲಲ್ಲೇ ಕೂತುಬಿಟ್ಟಿತು. ಪಕ್ಕದಲ್ಲಿದ್ದ ಅಣ್ಣ ಹೆಸರು ಹೇಳಿದ. ಒಳಮನೆಯಲ್ಲಿ ಯಾರೋ ಕಿಸಕ್ಕೆಂದರು. ಇನ್ನೊಂದು ಮನೆಯಲ್ಲೂ ಹಾಗೇ ಆಯಿತು. ಮೂರನೆಯದಕ್ಕೆ ಅವನೇ ಹೊರಡಲಿಲ್ಲ. ಅಣ್ಣ ರಾಗಿ ಹೊಲ ನೋಡಿಕೊಂಡು ಊರಲ್ಲೇ ಉಳಿದ; ಇವನು ಕೋಲಾರದಲ್ಲಿ ಟೈರ್ ಅಂಗಡಿಯ ಹಿಂದಿನ ಒಂದು ರೂಮಿಗೆ ಬಂದು ಸೇರಿದ.

ಗಾಡಿ ಓಡಿಸುವವನಿಗೆ ಮಾತು ಹೆಚ್ಚು ಬೇಕಾಗಿಲ್ಲ. ಮುಂದೆ ಕೂತವನು ಬಾಯಿ ಬಿಡದಿದ್ದರೆ ಹಿಂದೆ ಕೂತವರು ಅವನೊಬ್ಬ ಇದ್ದಾನೆಂಬುದನ್ನೇ ಮರೆಯುತ್ತಾರೆ. ಊರ ಗಡಿ ದಾಟುವಷ್ಟರಲ್ಲಿ ಹಿಂದಿನ ಸೀಟಿನಲ್ಲಿ ಮನೆಮಾತು ಶುರುವಾಗುತ್ತಿತ್ತು. ಸೊಸೆ ಉಪ್ಪು ಜಾಸ್ತಿ ಹಾಕಿದ್ದು, ರೇಷ್ಮೆಗೂಡು ಮೆತ್ತಗಾದದ್ದು, ಮೈದುನ ಬದುವಿನ ಕಲ್ಲು ಸರಿಸಿದ್ದು. ಅರ್ಧ ಕನ್ನಡ, ಅರ್ಧ ತೆಲುಗು. ಮರುವರ್ಷ ಅದೇ ಜನ ಅದೇ ಗಾಡಿ ಹತ್ತಿದರೆ ಕಥೆ ಮುಂದುವರಿಯುತ್ತಿತ್ತು. ಕೋದಂಡರಾಮಪ್ಪ ಒಂದನ್ನೂ ಯಾರಿಗೂ ಹೇಳುತ್ತಿರಲಿಲ್ಲ. ಸಂಜೆ ರೂಮಿನಲ್ಲಿ ಮುದ್ದೆ ತೊಳಸುತ್ತಾ, ಆ ಸೊಸೆ ಅತ್ತೆಗೆ ಏನು ಉತ್ತರ ಕೊಟ್ಟಿರಬಹುದೆಂದು ತನ್ನಷ್ಟಕ್ಕೆ ಯೋಚಿಸುತ್ತಿದ್ದ. ಅವನಿಗಿದ್ದ ಸಂಸಾರ ಅಷ್ಟೇ.

ಹಿಂದೆ ಕೂತವರಲ್ಲಿ ಇವನ ಜೊತೆಗೇ ಮಾತಾಡುತ್ತಿದ್ದವಳು ಮುನಿಗಂಗಮ್ಮ ಒಬ್ಬಳು. ಎಪ್ಪತ್ತಮೂರನೇ ಇಸವಿಯಲ್ಲಿ ಅವಳನ್ನು ಮದುವಣಗಿತ್ತಿಯಾಗಿ ಹೋಳೂರಿನಿಂದ ನರಸಾಪುರಕ್ಕೆ, ಗಂಡ ಆಂಜಿನಪ್ಪನ ಮನೆಗೆ, ಕರೆದುಕೊಂಡು ಹೋದವನು ಇವನೇ. ದಾರಿಯಲ್ಲಿ ಟೈರು ಪಂಚರಾಯಿತು. ಅದನ್ನು ಹೇಳಲು ಇವನು 'ಪ... ಪ...' ಎಂದು ಒದ್ದಾಡುವಾಗ ಉಳಿದವರೆಲ್ಲ ತಲೆಗೊಂದು ಮಾತು ಊಹಿಸಿ ಮುಗಿಸಲು ನೋಡಿದರು. ಅವಳು ಮಾತ್ರ ಬಾಸಿಂಗದ ಕೆಳಗಿನಿಂದ ಇವನ ಮುಖವನ್ನೇ ನೋಡುತ್ತಾ ಕಾದಳು. ಆಮೇಲೆ ಹಬ್ಬಕ್ಕೆ, ಬಾಣಂತನಕ್ಕೆ ತವರಿಗೆ ಹೋಗುವಾಗಲೆಲ್ಲ ಇದೇ ಗಾಡಿ ಬೇಕೆಂದು ಹಟ ಹಿಡಿಯುತ್ತಿದ್ದಳು.

"ಊಟ ಆಯ್ತೇನಣ್ಣ? ಏನ್ ಸಾರು ಮಾಡಿದ್ದೆ?" ಎಂದು ಕೇಳುವಳು. ಇವನು 'ಹುರುಳಿ' ಎನ್ನುವಷ್ಟರಲ್ಲಿ ಒಂದು ಕೆರೆಯ ಏರಿಯೇ ಹಿಂದೆ ಬೀಳುತ್ತಿತ್ತು. ಅವಳಿಗೆ ಅವಸರವಿರುತ್ತಿರಲಿಲ್ಲ.

ಎಂಬತ್ತೆರಡರಲ್ಲಿ ವೆಂಕಟರಾಯಪ್ಪನೆಂಬವನು ಹೊಸ ಅಂಬಾಸಿಡರ್ ತಂದು ಸ್ಟ್ಯಾಂಡಿನಲ್ಲಿ ನಿಲ್ಲಿಸಿದ. ಅದರಲ್ಲಿ ಟೇಪ್‌ರೆಕಾರ್ಡರು, ಹಿಂದೆ ಎರಡು ಸ್ಪೀಕರು. ಮದುವೆಯವರು ಬಂದರೆ ಮೊದಲು ಕೇಳುತ್ತಿದ್ದ ಮಾತೇ ಬೇರೆಯಾಯಿತು.

"ಟೇಪ್ ಐತಾ?"

ಕೋದಂಡರಾಮಪ್ಪ ಇಲ್ಲವೆಂದು ತಲೆ ಅಲ್ಲಾಡಿಸಿದರೆ ಮುಂದಿನ ಗಾಡಿಗೆ ಹೋಗುತ್ತಿದ್ದರು. ಆ ಲಗ್ನದ ಕಾಲವೆಲ್ಲ ಬೇವಿನ ಮರದ ಕೆಳಗೆ ನಿಂತೇ ಇದ್ದ ಲ್ಯಾಂಡ್‌ಮಾಸ್ಟರ್ ಮೇಲೆ ಎಲೆ ಬಿತ್ತು. ವೆಂಕಟರಾಯಪ್ಪ ಕೆಟ್ಟವನಲ್ಲ. ಅವನೇ ಬಂದು ಹೇಳಿದ: "ಅಣ್ಣಾ, ಈಗ ಗಾಡಿ ಯಾರು ನೋಡ್ತಾರೆ? ಹಾಡು, ಪಾಟ ಐತಾ ಅಂತ ಕೇಳ್ತಾರೆ. ನೀನೂ ಹಾಕ್ಸಿಬಿಡು."

ರೇಡಿಯೊ ರಿಪೇರಿಯ ಖಲೀಲ್ ಸಾಬ್ ಗಾಡಿಯ ಸುತ್ತ ಒಂದು ಸಲ ಬಂದು, ಬಾಗಿಲು ತಟ್ಟಿ ನೋಡಿದರು. ಬಾಗಿಲ ತಗಡಿನಲ್ಲಿ ಸ್ಪೀಕರು ಕೂರಿಸಲು ಆಳ ಸಾಲದು, ಕಿಟಕಿಯ ಗಾಜು ಇಳಿದರೆ ತಗಲುತ್ತದೆ ಎಂದರು. ಹಿಂದಿನ ಸೀಟಿನ ಬೆನ್ನ ಮೇಲೆ, ಗಾಜಿನ ಕೆಳಗೆ ಇರುವ ಹಲಗೆಯೇ ಸರಿ. ಡಿಕ್ಕಿಯೇ ಪೆಟ್ಟಿಗೆಯ ಹಾಗೆ ಕೆಲಸ ಮಾಡಿ ಸದ್ದು ತುಂಬಿಕೊಡುತ್ತದೆ. ಆದರೆ ಅಲ್ಲಿದ್ದ ರಟ್ಟು ಹಳೆಯದಾಗಿ ಬಾಗಿತ್ತು. ಅದನ್ನು ತೆಗೆದು ಪ್ಲೈವುಡ್ ಕತ್ತರಿಸಿ ಹಾಕಬೇಕು.

ಅಂಗಡಿಯ ಮೇಜಿನ ಮೇಲೆ ಎರಡು ಜೊತೆ ಸ್ಪೀಕರು ಇಟ್ಟರು. ಒಂದು ಪುಟ್ಟ ದುಂಡನೆಯದು, ಇನ್ನೊಂದು ಮೊಟ್ಟೆಯಾಕಾರದ ದೊಡ್ಡದು.

"ದುಂಡಂದು ಸಾಫ್ ಆಗಿ ಹೇಳುತ್ತೆ. ಮೊಟ್ಟೆದು ಗುಂಯ್ ಅಂತ ತುಂಬುತ್ತೆ. ಮದ್ವೆ ಪಾರ್ಟಿಗೆ ಮೊಟ್ಟೆದೇ ಬೇಕು. ನೀವೇ ಹಿಂದೆ ಕೂತು ಕೇಳಿ."

ಎರಡನ್ನೂ ಹಲಗೆಯ ಮೇಲೆ ಸುಮ್ಮನೆ ಇಟ್ಟು, ಅಂಗಡಿಯಿಂದ ವೈರು ಎಳೆದರು. ಕೋದಂಡರಾಮಪ್ಪ ಹಿಂದಿನ ಬಾಗಿಲು ತೆಗೆದು ಕೂತ. ಗಾಡಿ ಅವನದಾದ ಮೇಲೆ ಅಲ್ಲಿ ಕೂತದ್ದು ಅದೇ ಮೊದಲು. ಎದುರಿಗೆ ತನ್ನ ಸೀಟು, ಬೆನ್ನು ಉಜ್ಜಿ ಸವೆದ ರೆಕ್ಸಿನ್, ಯಾರೂ ಹಿಡಿಯದ ಸ್ಟೇರಿಂಗ್. ಹಿಂದೆ ಕೂತವರಿಗೆ ನಾನು ಇಷ್ಟು ದೂರದಲ್ಲಿ ಕಾಣುತ್ತೇನೆಯೇ ಎಂದುಕೊಂಡ. ಬೆನ್ನ ಹಿಂದೆ ದೊಡ್ಡ ಸ್ಪೀಕರಿನ ನಾದಸ್ವರ ಎದೆಯೊಳಗೇ ನುಗ್ಗಿತು. ಖಲೀಲ್ ಸಾಬ್ ಕಿಟಕಿಯ ಹತ್ತಿರ ಬಂದು ಏನೋ ಹೇಳಿದರು. ಬಾಯಿ ಆಡಿದ್ದು ಕಂಡಿತು, ಮಾತು ಕೇಳಲಿಲ್ಲ. ಆಗ ಅದರ ಕಡೆ ಅವನ ಮನಸ್ಸು ಹೋಗಲಿಲ್ಲ. ಮೊಟ್ಟೆಯದೇ ಇರಲಿ ಎಂದು ಕೈ ಸನ್ನೆ ಮಾಡಿದ.

ಕೆಲಸ ಸಲೀಸಾಗಿ ಆಗಲಿಲ್ಲ. ಹಳೆಯ ಇಂಗ್ಲಿಷ್ ಮಾದರಿಯ ಗಾಡಿಯಾದ್ದರಿಂದ ಬ್ಯಾಟರಿಯ ಪ್ಲಸ್ ವೈರನ್ನು ಗಾಡಿಯ ಮೈಯ ತಗಡಿಗೆ ಸೇರಿಸಿದ್ದರು. ಹೊಸ ಟೇಪಿಗೆ ಅಲ್ಲಿ ಮೈನಸ್ ಇರಬೇಕು. ನೋಡದೆ ಜೋಡಿಸಿದ್ದಕ್ಕೆ ಟೇಪಿನೊಳಗಿಂದ ಹೊಗೆ ಬಂತು. ಖಲೀಲ್ ಸಾಬ್ ಬೈದುಕೊಂಡು, ಬ್ಯಾಟರಿ ತಿರುಗಿಸಿ, ಡೈನಮೊಗೆ ಬೇಕಾದ್ದು ಮಾಡಿ, ಬೇರೆ ಟೇಪು ಹಾಕಿದರು. ಪ್ಲೈವುಡ್ಡಿಗೆ ಕೆಂಪು ರೆಕ್ಸಿನ್ ಹೊದಿಸಿ ಸ್ಪೀಕರು ಕೂರಿಸುವಷ್ಟರಲ್ಲಿ ಬಿಸಿಲು ಇಳಿದಿತ್ತು.

ಬಾಡಿಗೆಗಳು ವಾಪಸು ಬಂದವು. ಮಾಲೂರಿಗೆ, ಮುಳಬಾಗಿಲಿಗೆ, ಮದುವೆಗೆ, ನಾಮಕರಣಕ್ಕೆ. ಹತ್ತಿದವರು "ಪಾಟ ಪೆಟ್ಟನ್ನಾ" ಎನ್ನುತ್ತಿದ್ದರು, ಇವನು ಹಾಡು ಹಾಕುತ್ತಿದ್ದ. ಕನ್ನಡಿಯಲ್ಲಿ ನೋಡಿದರೆ ಹಿಂದೆ ತುಟಿಗಳು ಅಲ್ಲಾಡುತ್ತಿದ್ದವು, ಒಬ್ಬರ ಕಿವಿಗೆ ಇನ್ನೊಬ್ಬರು ಬಾಗುತ್ತಿದ್ದರು. ಮುಂದಿನ ಸೀಟಿನವರೆಗೆ ಒಂದು ಮಾತೂ ಬರುತ್ತಿರಲಿಲ್ಲ. ಮೆಲ್ಲಗೆ ಸದ್ದು ಇಳಿಸಿದರೆ ಯಾರಾದರೂ ಭುಜ ತಟ್ಟಿ ಜಾಸ್ತಿ ಮಾಡಿಸುವರು. ಮುದ್ದೆ ತೊಳಸುವಾಗ ಯೋಚಿಸಲು ಅವನಿಗೆ ಏನೂ ಉಳಿಯಲಿಲ್ಲ.

ಕೊನೆಗೊಂದು ದಿನ ಖಲೀಲ್ ಸಾಬರಲ್ಲಿಗೆ ಹೋದ.

"ಹಿ... ಹಿಂದಿನವರ ಮಾತು ನಂಗೆ ಕೇ... ಕೇಳಬೇಕು. ಏನಾದ್ರೂ ಮಾಡಕಾಗುತ್ತಾ?"

"ಕೇಳಿ ಏನ್ಮಾಡ್ತೀರಾ?"

"ಏ... ಏನೂ ಇಲ್ಲ."

ಖಲೀಲ್ ಸಾಬ್ "ಸೌಂಡ್ ಕಮ್ಮಿ ಇಟ್ಕೊಳ್ಳಿ," ಎಂದು ಟೀ ತರಿಸಿದರು.

ಎಂಬತ್ತೈದರ ಬೇಸಿಗೆಯಲ್ಲಿ ಆಂಜಿನಪ್ಪ ಸ್ಟ್ಯಾಂಡಿಗೆ ಬಂದ. ಮುನಿಗಂಗಮ್ಮ ಆಸ್ಪತ್ರೆಯಲ್ಲಿದ್ದಳು, ಡಾಕ್ಟರು ಮನೆಗೆ ಕಳಿಸಿದ್ದಾರೆ, ಹೋಳೂರಿನ ತವರಿಗೆ ಬಿಡಬೇಕು ಎಂದ. ಅವಳು ತೀರಾ ಸೊರಗಿದ್ದಳು. ಹಿಂದೆ ಅವಳ ಒಂದು ಪಕ್ಕ ಗಂಡ, ಇನ್ನೊಂದು ಪಕ್ಕ ಮೈದುನ ನರಸಿಂಹಪ್ಪ.

"ಒಂದು ಪಾಟ ಹಾಕಣ್ಣ, ಅತ್ತಿಗೆಗೆ ಬೇಜಾರು ಕಳೀಲಿ," ಎಂದ ನರಸಿಂಹಪ್ಪ.

ಕೋದಂಡರಾಮಪ್ಪ ಹಾಕಿದ. ಸ್ವಲ್ಪ ದೂರ ಹೋದ ಮೇಲೆ ಕನ್ನಡಿಯಲ್ಲಿ ಅವಳ ತುಟಿ ಆಡಿದ್ದು ಕಂಡಿತು. ಕಣ್ಣು ಇವನ ಕಡೆಗೇ ಇತ್ತು. ಹಾಡಿನ ಜೊತೆ ತಾನೂ ಹೇಳಿಕೊಳ್ಳುತ್ತಿದ್ದಾಳೆ ಎಂದುಕೊಂಡು ಇವನು ಸದ್ದು ಇನ್ನಷ್ಟು ಏರಿಸಿದ. ಅವಳು ಸುಮ್ಮನಾಗಿ ಕಿಟಕಿಗೆ ಮುಖ ತಿರುಗಿಸಿದಳು. ಹೋಳೂರಿನಲ್ಲಿ ಹೆಂಗಸರು ಬಂದು ಅವಳನ್ನು ಎತ್ತಿಕೊಂಡು ಒಳಗೆ ಹೋದರು.

ಅವಳು ತೀರಿಕೊಂಡ ಸುದ್ದಿ ಅವನಿಗೆ ತಿಳಿದದ್ದು ಮಳೆಗಾಲದಲ್ಲಿ, ಟೀ ಅಂಗಡಿಯಲ್ಲಿ, ಯಾರದೋ ಬಾಯಿಂದ. ಅಷ್ಟರಲ್ಲಿ ಆ ಮನೆಯವರನ್ನೇ ಒಂದು ಸಲ ಮಾಲೂರಿಗೆ ಬಿಟ್ಟು ಬಂದಿದ್ದ. ದಾರಿಯುದ್ದಕ್ಕೂ ಟೇಪು ಹಾಡುತ್ತಿತ್ತು, ಹಿಂದಿನವರ ಮಾತು ಕೇಳಿರಲಿಲ್ಲ.

ಮರುದಿನ ಖಾಲಿ ಗಾಡಿ ಹೊಡೆದುಕೊಂಡು ನರಸಾಪುರಕ್ಕೆ ಹೋದ. ಆಂಜಿನಪ್ಪ ಹಿಪ್ಪುನೇರಳೆ ಸೊಪ್ಪು ಕತ್ತರಿಸುತ್ತಿದ್ದ. ಇವನು ಜಗಲಿಯ ಮೇಲೆ ಕೂತು, ಬೆವರುತ್ತಾ, ಕೇಳಬೇಕಾದ್ದನ್ನು ಕೇಳಿ ಮುಗಿಸಿದ. ಆ ದಿನ ಗಾಡಿಯಲ್ಲಿ ಅವಳು ನನಗೆ ಏನು ಹೇಳಿದಳು?

ಆಂಜಿನಪ್ಪ ಕತ್ತಿ ಕೆಳಗಿಟ್ಟ. "ಏನೋ ಅಂದ್ಲಣ್ಣ. ಪಕ್ಕದಲ್ಲೇ ಇದ್ದೆ. ನಂಗೂ ಕೇಳಿಸ್ಲಿಲ್ಲ. ಆಮೇಲೆ ಕೇಳ್ದೆ, ಬಿಡು ಅಂದ್ಲು."

ಆಂಜಿನಪ್ಪ ಊಟಕ್ಕೆ ಏಳಿಸಿದ. ಅವನೇ ಮಾಡಿದ ಸಾರು, ಉಪ್ಪು ಕಡಿಮೆಯಾಗಿತ್ತು.

ಕೋಲಾರಕ್ಕೆ ಬಂದವನು ರೂಮಿನ ಮುಂದೆ ಗಾಡಿ ನಿಲ್ಲಿಸಿ, ತಾನೇ ಸ್ಕ್ರೂ ಬಿಚ್ಚಿ ಎರಡೂ ಸ್ಪೀಕರು ತೆಗೆದು ಖಲೀಲ್ ಸಾಬರ ಅಂಗಡಿಯಲ್ಲಿಟ್ಟ. ಬೇರೆ ಯಾರಿಗಾದರೂ ಹಾಕಿ ಎಂದ. ಹಲಗೆಯ ತೂತುಗಳ ಮೇಲೆ ಒಂದು ಟವೆಲು ಹಾಸಿದ. ಮದುವೆಯವರು ಮತ್ತೆ ವೆಂಕಟರಾಯಪ್ಪನ ಕಡೆ ಹೋದರು. ಇವನಿಗೆ ಆಸ್ಪತ್ರೆಗೆ ಹೋಗುವವರು, ಕೋರ್ಟಿಗೆ ಹೋಗುವವರು, ವಯಸ್ಸಾದವರು ಸಿಕ್ಕರು. ಕೆಲವರು ಮಾತಾಡುತ್ತಿದ್ದರು, ಹಲವರು ನಿದ್ದೆ ಮಾಡುತ್ತಿದ್ದರು.

ಎಂಬತ್ತೊಂಬತ್ತರವರೆಗೂ ಓಡಿಸಿದ. ಕೊನೆಯ ವರ್ಷದಲ್ಲಿ ಒಮ್ಮೆ ಶ್ರೀನಿವಾಸಪುರದಿಂದ ಇಬ್ಬರು ಮುದುಕಿಯರು ಹತ್ತಿ, ಹುಣಿಸೆಮರದ ಪಾಲಿನ ವಿಚಾರಕ್ಕೆ ತೆಲುಗಿನಲ್ಲಿ ಜಗಳ ಶುರುಮಾಡಿದರು. ಕೋದಂಡರಾಮಪ್ಪ ಗಾಡಿಯ ವೇಗ ತಗ್ಗಿಸಿದ. ಕೋಲಾರ ಬಂದರೂ ಜಗಳ ಮುಗಿದಿರಲಿಲ್ಲ. ಮಾತಾಡುತ್ತಲೇ ಇಳಿದು, ಮಾತಾಡುತ್ತಲೇ ಸಂತೆಯ ಜನದೊಳಗೆ ಹೋದರು. ಮರ ಯಾರ ಪಾಲಿಗೆ ಹೋಯಿತೆಂಬುದು ಅವನಿಗೆ ತಿಳಿಯಲಿಲ್ಲ. ಅವರು ತೆರೆದೇ ಬಿಟ್ಟಿದ್ದ ಹಿಂದಿನ ಬಾಗಿಲನ್ನು ತಾನೇ ಇಳಿದು ಮುಚ್ಚಿ, ಸ್ಟ್ಯಾಂಡಿಗೆ ಹೋದ.