ಉಡಿಯಲ್ಲಿ ಕಟ್ಟಿದ ಬೀಜ

ಬೆಳಿಗ್ಗೆ ಎದುರಿನ ಎತ್ತರದ ಕಟ್ಟಡದಿಂದ ಒಬ್ಬ ಹುಡುಗಿ ಕಾಮಕಸ್ತೂರಿ ಸಸಿ ಕೊಳ್ಳಲು ಬಂದಿದ್ದಳು. ಮೈಸೂರು ಕಡೆಯವಳು. ಮರಾಠಿ ನಾಡಿನ ಈ ಕೊಂಢವಾದಲ್ಲಿ ಕನ್ನಡ ಮಾತಾಡುವ ಮುದುಕಿ ಸಿಕ್ಕಳೆಂದು ಅವಳಿಗೆ ಖುಷಿ. ಎಲೆ ಹಿಸುಕಿ ನನ್ನ ಮೂಗಿಗೂ ಹಿಡಿದು, "ಆಂಟಿ, ಏನ್ ಸ್ಮೆಲ್ ಅಲ್ವಾ!" ಎಂದಳು. ಜೀವಮಾನವೆಲ್ಲ ಇದೇ ವಾಸನೆಯಲ್ಲಿ ಬಿದ್ದವಳಿಗೆ ಅದನ್ನು ಹೊಸದಾಗಿ ಹೇಳಬೇಕೆ? ಆದರೂ ಅವಳು ಹೋದ ಮೇಲೆ ನಮ್ಮ ಅತ್ತೆ ನೆನಪಾದರು. ಅವರ ಸೀರೆಗೆ ಇದೇ ವಾಸನೆ ಇತ್ತು, ಜೊತೆಗೆ ಸ್ವಲ್ಪ ತಂಬಾಕಿನದು.

ನಾನು ಎರಡನೇ ಇಯತ್ತೆಗೆ ಶಾಲೆ ಬಿಟ್ಟವಳು. ಬರೆದದ್ದು ಸೊಟ್ಟಗಾದರೆ ನೀವೇ ನೆಟ್ಟಗೆ ಮಾಡಿಕೊಂಡು ಓದಿ.

ಈ ನರ್ಸರಿ ಶುರುಮಾಡಿದವರು ನಮ್ಮ ಮಾವ. ವಿಜಾಪುರದ ಕಡೆಯಿಂದ ಬಂದು ಇಲ್ಲಿಯ ದಂಡು ಪ್ರದೇಶ ಕ್ಯಾಂಪಿನ ಒಂದು ಬಂಗಲೆಯಲ್ಲಿ ಮಾಲಿಯಾಗಿದ್ದರು. ಬಂಗಲೆಯವರು ಊರು ಬಿಡುವಾಗ ಕುಂಡಗಳನ್ನೆಲ್ಲ ಇವರಿಗೆ ಕೊಟ್ಟು ಹೋದರು. ಇಡಲು ಜಾಗ ಬೇಕಲ್ಲ, ಆಗ ಬರೀ ಕಲ್ಲಾಗಿದ್ದ ಕೊಂಢವಾದಲ್ಲಿ ಒಂದು ತುಂಡು ನೆಲ ಹಿಡಿದರು. ಹೀಗೆ ಕುಂಡಗಳಿಗೆ ಜಾಗ ಹುಡುಕಲು ಹೋಗಿ ವ್ಯಾಪಾರ ಗಂಟುಬಿತ್ತು. ತುಳಸಿ, ಪುದೀನ, ಒಂದೆಲಗ, ದೊಡ್ಡಪತ್ರೆ, ಇಲ್ಲಿಯವರು ಚಹಾಕ್ಕೆ ಹಾಕುವ ಗವತಿ ಹುಲ್ಲು. ಸಸಿ ಮಾವನವು, ಬೀಜ ಅತ್ತೆಯದು. ಇಬ್ಬರೂ ಒಬ್ಬರ ಕೆಲಸಕ್ಕೆ ಒಬ್ಬರು ಕೈ ಹಾಕುತ್ತಿರಲಿಲ್ಲ, ಬಾಯಿ ಮಾತ್ರ ಹಾಕುತ್ತಿದ್ದರು.

ಹೊಸ ಬೀಜ ಬಂದಾಗ ಅತ್ತೆ ಒಂದು ಚಿಟಿಕೆ ತೆಗೆದು ಒದ್ದೆ ಅರಿವೆಯಲ್ಲಿ ಕಟ್ಟಿ ಸೊಂಟದ ಉಡಿಯಲ್ಲಿ ಸಿಕ್ಕಿಸಿಕೊಳ್ಳುವರು. ರೊಟ್ಟಿ ಬಡಿಯುವುದು, ಕಳೆ ಕೀಳುವುದು, ಜಗಳಾಡುವುದು ಎಲ್ಲ ಅದರ ಸಮೇತ. ಬೀಜ ಮೊಳೆತರೆ "ಮಾರ್ರಿ" ಎನ್ನುವರು. ಆ ಮಾತು ಬರದೆ ಮಾವ ಒಂದು ಪುಡಿಕೆಯನ್ನೂ ಕಟ್ಟುತ್ತಿರಲಿಲ್ಲ. ಈಗಿನವರು ಇದನ್ನು ಕೇಳಿ, ಎಂಥ ಚೆಂದದ ಪದ್ಧತಿ ಎಂದು ಬಾಯಿ ತೆರೆಯುತ್ತಾರೆ. ಚೆಂದ ಏನಿಲ್ಲ. ಚಳಿಗಾಲದಲ್ಲಿ ಆ ತಗಡಿನ ಮನೆಯಲ್ಲಿ ಬೇರೆ ಬೆಚ್ಚಗಿನ ಜಾಗವೇ ಇರಲಿಲ್ಲ.

ನಾನು ಮದುವೆಯಾಗಿ ಬಂದ ಹೊಸದರಲ್ಲಿ, ಚಳಿ ಇಳಿಯುವ ಹೊತ್ತಿಗೆ ಅತ್ತೆ ಜ್ವರ ಬಂದು ಮಲಗಿದರು. ಉಡಿಯಲ್ಲಿ ಕಾಮಕಸ್ತೂರಿ ಬೀಜವಿತ್ತು. ಮೈ ಕೆಂಡ, ಆದರೂ ಗಂಟು ಬಿಚ್ಚಲು ಬಿಡಲಿಲ್ಲ. ಕೊನೆಗೆ ಬಿಚ್ಚಿದಾಗ ಅರಿವೆ ಹಪ್ಪಳದಂತೆ ಒಣಗಿತ್ತು. ಬೀಜ ಉಬ್ಬಿ, ಅಲ್ಲೇ ಒಣಗಿ, ಕರಕಲಾಗಿ ಅಂಟಿಕೊಂಡಿತ್ತು.

"ಸತ್ತಾವ," ಎಂದರು ಅತ್ತೆ. "ಶರಬತ್ತಿನವರಿಗೆ ಕೊಟ್ಟಬಿಡ್ರಿ."

ಸತ್ತ ಬೀಜವೂ ನೀರಲ್ಲಿ ಉಬ್ಬುತ್ತದೆ, ಫಾಲೂದಾಕ್ಕೆ ಅಷ್ಟು ಸಾಕು. ನಮ್ಮ ಮನೆಯವರು ಆ ವರ್ಷದ ಚೀಲವನ್ನು ಸೈಕಲ್ಲಿಗೆ ಹೇರಿ ಕ್ಯಾಂಪಿನ ಒಂದು ಶರಬತ್ತಿನ ಅಂಗಡಿಗೆ ಹಾಕಿ ಬಂದರು.

ವಾರ ಕಳೆದಿರಬೇಕು. ಬಚ್ಚಲ ಮೋರಿಯ ಪಕ್ಕ, ಚೀಲ ಇಟ್ಟಿದ್ದ ಕಡೆ, ಬಿಸಿನೀರು ಬಿದ್ದ ನೆಲದಲ್ಲಿ ಸಣ್ಣ ಸಣ್ಣ ಸಸಿ ಒತ್ತಾಗಿ ಎದ್ದಿದ್ದವು. ನಾನು ಕರೆದೆ. ಅತ್ತೆ ಗೋಡೆ ಹಿಡಿದು ಬಂದು, ಒಂದನ್ನು ಕಿತ್ತು ಮೂಸಿ, ಅಲ್ಲೇ ಕೂತುಬಿಟ್ಟರು. "ಬೀಜ ಬರೋಬರಿ ಅದ. ನನ್ನ ಮೈಯೇ ಸುಳ್ಳ ಹೇಳ್ಯದ."

ಆ ಸಸಿಗಳನ್ನೇ ಬೆಳೆಸಬಹುದಿತ್ತಲ್ಲ ಎಂದು ನೀವು ಕೇಳುತ್ತೀರಿ. ತಳಿ ಉಳಿಯುತ್ತಿತ್ತು, ನಿಜ. ಆದರೆ ಹಾರಕ್ಕೆ ಕಾಮಕಸ್ತೂರಿ ಬೆಳೆಯುವ ಸಾಸವಡದ ಹೂವಿನ ರೈತರು ನಮ್ಮ ಬೀಜಕ್ಕೆಂದೇ ನೆಲ ಹದ ಮಾಡಿಕೊಂಡು ಕೂತಿದ್ದರು. ಅತ್ತೆ ಮಾತು ಕೊಟ್ಟಿದ್ದರು. ಆ ವರ್ಷ ಅವರು ಬೇರೆಯವರ ಬಾಗಿಲಿಗೆ ಹೋದರೆ ಮತ್ತೆ ನಮ್ಮ ಕಡೆ ತಿರುಗುತ್ತಿರಲಿಲ್ಲ.

"ಮಾರಿದ ಮಾಲು ವಾಪಸ್ ಕೇಳೂದೇನ್ಬೇ? ಮರ್ಯಾದಿ ಹೋಗ್ತದ," ಎಂದರು ನಮ್ಮ ಮನೆಯವರು.

"ನಿಂದು ಇಟ್ಕೊಂಡು ಮನ್ಯಾಗ ಕೂಡು. ನಂದು ನಾ ಕಳಕೊಂಡು ಬರ್ತೀನಿ," ಎಂದು ಅತ್ತೆ ನನ್ನ ಭುಜ ಹಿಡಿದು ಬಸ್ಸು ಹತ್ತಿದರು.

ಅಂಗಡಿ ತುಂಬಿತ್ತು. ಮಾಲೀಕ ಶೇಟಜಿ ಗಲ್ಲಾಪೆಟ್ಟಿಗೆಯಿಂದ ತಲೆ ಎತ್ತಲಿಲ್ಲ. ಅತ್ತೆಯ ಮರಾಠಿ ಆಗಲೂ ಹರಕುಮುರುಕು; ಸಿಕ್ಕಷ್ಟನ್ನು ಸೇರಿಸಿ ಅಂಗಡಿಗೆಲ್ಲ ಕೇಳುವಂತೆ ಕೂಗಿದರು: "ಶೇಟ, ತೋ ಸಬ್ಜಾ ಮೇಲಾ ನಾಹೀ! ಜಿವಂತ ಆಹೇ!" ಆ ಕಾಮಕಸ್ತೂರಿ ಬೀಜ ಸತ್ತಿಲ್ಲ, ಜೀವಂತ ಅದ ಎಂದು.

ಚಮಚಗಳು ನಿಂತವು. ಎಲ್ಲರೂ ತಮ್ಮ ತಮ್ಮ ಗ್ಲಾಸಿನೊಳಗೆ ಇಣುಕಿದರು. ಒಬ್ಬಳು ಮೆಲ್ಲಗೆ ಗ್ಲಾಸು ಕೆಳಗಿಟ್ಟಳು. ಅತ್ತೆಗೆ ಇದ್ಯಾವುದರ ಖಬರಿಲ್ಲ. ತನಗೆ ಜ್ವರ ಬಂದದ್ದು, ತಾನು ತಪ್ಪು ಹೇಳಿದ್ದು, ಎಲ್ಲವನ್ನೂ ಆ ಮಂದಿಯ ಮುಂದೆ ಬಿಡಿಸಿ ಹೇಳತೊಡಗಿದರು. ಉಡಿ, ಒದ್ದೆ ಅರಿವೆ ಎಂಬುದು ಬಂದಾಗ ಇನ್ನೆರಡು ಗ್ಲಾಸು ಕೆಳಗಿಳಿದವು. ಶೇಟಜಿ ಕೈ ಮುಗಿದು, "ಆಜಿ, ಘ್ಯಾ ಆಣಿ ಜಾ," ಎಂದರು. ತಗೊಂಡು ಹೋಗಿ, ಅಷ್ಟೇ. ಚೀಲದಲ್ಲಿ ಅರ್ಧಕ್ಕಿಂತ ಹೆಚ್ಚೇ ಉಳಿದಿತ್ತು.

ವಾಪಸಾಗುವಾಗ ಚೀಲ ನನ್ನ ತೊಡೆಯ ಮೇಲೆ. ಅತ್ತೆ ಕಿಟಕಿಯ ಕಡೆ ನೋಡುತ್ತಾ ಹೇಳಿದರು: "ಇನ್ನ ಮ್ಯಾಲೆ ನಿನ್ನ ಉಡ್ಯಾಗೂ ಒಂದು ಗಂಟು ಕಟ್ಟೂನು. ಕೆಲಸ ಮಾಡಿ ಬಿಸಿ ಆದ ಮೈಯೇನಲ್ಲ ನಿಂದು, ಥಣ್ಣಗದ. ಬೀಜ ಒಣಗೂದಿಲ್ಲ."

ಸಾಸವಡದವರು ಆ ವರ್ಷವೂ ಬಂದರು, ಮುಂದೆಯೂ ಬಂದರು. ಅದೇ ಊರಿನ ಹುಡುಗಿಯೇ ಈಗ ನನ್ನ ಸೊಸೆ, ನಮ್ಮ ಕನ್ನಡವನ್ನೂ ಕಲಿತಿದ್ದಾಳೆ. ಅಂಗಡಿ ನಡೆಸುವವಳು ಅವಳೇ. ಬೀಜವನ್ನು ಮುಚ್ಚಳದ ಪೆಟ್ಟಿಗೆಯಲ್ಲಿ ಒದ್ದೆ ಕಾಗದದ ಮೇಲೆ ಇಟ್ಟು ನೋಡುತ್ತಾಳೆ. ಒಳ್ಳೆಯದು, ಪೆಟ್ಟಿಗೆಗೆ ಜ್ವರ ಬರುವುದಿಲ್ಲ. ಆದರೆ ಅದು ತಪ್ಪಿದ ದಿನ ತಾನಾಗಿ ಎದ್ದು ಬಸ್ಸನ್ನೂ ಹತ್ತುವುದಿಲ್ಲ.

ಇವತ್ತು ಮಧ್ಯಾಹ್ನ ಸೊಸೆ ಆ ಪೆಟ್ಟಿಗೆ ತಂದು ನನ್ನ ಮೂಗಿನ ಕೆಳಗೆ ಹಿಡಿದಳು. "ಮಾರ್ಲೇನ್ರಿ ಅತ್ತಿ?"

"ನನ್ನೇನ ಕೇಳ್ತಿ? ಇನ್ನ ನೀನ ಹೇಳು. ನಾಳಿ ಯಾರರೆ ಮೊಳೀಲಿಲ್ಲಂತ ಬಂದ್ರ ನೀನ ಎದುರ ನಿಂದರು."

ಅವಳು ಪೆಟ್ಟಿಗೆಯ ಮುಚ್ಚಳ ಹಾಕಿದಳು. "ನಿಂದರ್ತೀನ್ರಿ. ಮತ್ತ ನೀವು?"

"ನಾ ಕೂಡ್ತೀನಿ," ಎಂದು ನೆರಳಿಗೆ ಸ್ಟೂಲು ಎಳೆದುಕೊಂಡೆ.