ಹೊದಿಕೆಯ ಮೇಲೆ ಬಾರದ ಮುಖ

ಬಾಲಗಾಯಕರ ಹಳೆಯ ಕ್ಯಾಸೆಟ್ಟುಗಳನ್ನು ಸಂಗೀತ ಕಂಪನಿಯೊಂದು ಮತ್ತೆ ಹೊರತರಲಿದೆ ಎಂದು ಓದಿದ ದಿನವೇ ನಾನು ಪ್ರತಿಭಟನೆಯ ಮನವಿ ಬರೆಯಲು ಕುಳಿತೆ. ಆ ಆತುರವನ್ನು ನೆನೆದರೆ ಈಗ ತಲೆ ತಗ್ಗುತ್ತದೆ. ಪಟ್ಟಿಯಲ್ಲಿ ಪುಣೆಯ ಕನ್ನಡ ಮನೆಗಳಲ್ಲಿ ಬೆಳಗ್ಗೆ ಕೇಳುತ್ತಿದ್ದ ಭಜನೆಯ ಕ್ಯಾಸೆಟ್ಟೊಂದಿತ್ತು. ಹಾಡಿದವಳು ಕಲಬುರಗಿ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದ ದಂಪತಿಯ ಒಂಬತ್ತು ವರ್ಷದ ಮಗಳು. ಕ್ಯಾಸೆಟ್ಟಿನ ಹೊದಿಕೆಯ ಮೇಲಿದ್ದದ್ದು ಮಾತ್ರ ಯಾವುದೋ ಬೆಳ್ಳನೆಯ ಮಗುವಿನ ಚಿತ್ರ. ಹೆಸರಿನ ಜಾಗದಲ್ಲಿ ಬರಿಯ ‘ಬೇಬಿ’.

ಒಂದೊಂದು ಅನ್ಯಾಯವನ್ನೂ ಹೆಸರಿಸಿದೆ: ಬಾಲದುಡಿಮೆ, ತಪ್ಪಿದ ಶಾಲೆ, ಬಣ್ಣದ ತಾರತಮ್ಯ, ಪಡೆಯದ ಒಪ್ಪಿಗೆ. ಪುಣೆಯ ಕ್ಯಾಂಪ್ ಪ್ರದೇಶದ ಕೆಫೆಯೊಂದರಲ್ಲಿ ಗೆಳೆಯರೊಡನೆ ಕುಳಿತು ಮನವಿಯನ್ನು ಮೂರು ಭಾಷೆಗಳಲ್ಲಿ ತಿದ್ದಿದೆವು. ಪ್ರಾಧ್ಯಾಪಕರು, ವಕೀಲರು ಸಹಿ ಹಾಕಿದರು. ಕಂಪನಿ ಅಳುಕಿ ಆ ಒಂದು ಕ್ಯಾಸೆಟ್ಟನ್ನು ಕೈಬಿಟ್ಟಿತು.

ಗೆಲುವನ್ನು ತಿಳಿಸಲೆಂದೇ ನಾನು ಮೊದಲ ಬಾರಿಗೆ ಆಕೆಯನ್ನು ಹುಡುಕಿಕೊಂಡು ಪುಣೆಯ ಹೊರಗಿನ ಕಾರ್ಖಾನೆಗಳ ಊರಾದ ಚಾಕಣಕ್ಕೆ ಹೋದೆ. ನಲವತ್ತು ದಾಟಿದ ಆಕೆ ವಾಹನಗಳ ಬಿಡಿಭಾಗ ಮಾಡುವ ಕಾರ್ಖಾನೆಯಲ್ಲಿ ತಪಾಸಣೆಯ ಕೆಲಸದಲ್ಲಿದ್ದರು. ಚಹಾ ಕೊಟ್ಟು, ನನ್ನ ಮಾತು ಮುಗಿಯುವವರೆಗೂ ಕೇಳಿ, ಒಳಗಿನಿಂದ ಒಂದು ಫೋಟೊ ತಂದರು. ಎಣ್ಣೆ ಹಚ್ಚಿ ಬಾಚಿದ ತಲೆಯ ಕಪ್ಪು ಹುಡುಗಿಯೊಬ್ಬಳು ಇಟ್ಟಿಗೆಯ ರಾಶಿಯ ಮುಂದೆ ಬಿಸಿಲಿಗೆ ಕಣ್ಣು ಕಿರಿದಾಗಿಸಿ ನಿಂತಿದ್ದಳು. ಕಂಪನಿಯವರು ನನಗಿಂತ ಮೊದಲೇ ಆ ಮನೆಗೆ ಬಂದು ಹೋಗಿದ್ದರಂತೆ. ಈ ಸಲ ಹೊದಿಕೆಯ ಮೇಲೆ ತನ್ನ ಹೆಸರು, ತನ್ನ ಮುಖ ಇರಬೇಕೆಂಬ ಒಂದೇ ಷರತ್ತಿನ ಮೇಲೆ ಆಕೆ ಒಪ್ಪಿದ್ದರಂತೆ. ಹೊದಿಕೆ ಸಿದ್ಧವೂ ಆಗಿತ್ತಂತೆ.

“ಊರ ಮಂದೀದೆಲ್ಲಾ ಸಹಿ ತಗೊಂಡೀರಿ,” ಎಂದರು. “ಹಾಡಿದಾಕೀನ್ನ ಒಂದ್ ಮಾತ್ ಕೇಳಬೇಕಿತ್ರಿ.”

ಆ ಮನೆ ನನ್ನಿಂದ ಒಂದು ಬಸ್ಸಿನ ದೂರದಲ್ಲಿತ್ತು. ವಿಳಾಸ ಸಿಗಲಿಲ್ಲವೆಂದು ಹೇಳುವಂತಿಲ್ಲ. ಅನ್ಯಾಯಕ್ಕೊಳಗಾದವರು ಬೇರೆ ಮಾತಾಡಿದರೆ ಮನವಿಯ ಹರಿತ ಕುಗ್ಗೀತೆಂಬ ಅಳುಕು ನನ್ನೊಳಗಿತ್ತು.

ಅಲ್ಲೇ ಇನ್ನೊಂದು ಪತ್ರ ಬರೆದುಕೊಡುತ್ತೇನೆಂದೆ. ತಾನು ಹೇಳಿದಷ್ಟನ್ನೇ ಬರೆಯಬೇಕೆಂದು ಆಕೆ ಎರಡು ಸಾಲು ಹೇಳಿದರು: ಹಾಡಿದ್ದು ನಾನು, ಕ್ಯಾಸೆಟ್ಟು ಹೊರಬರಲಿ. ನಾನು ‘ನಾನು’ ಎಂಬುದರ ಹಿಂದೆ ‘ಶೋಷಿತ ಬಾಲಗಾಯಕಿಯಾದ’ ಎಂದು ಸೇರಿಸಿದೆ.

ಆಕೆ ಓದಿ, ಆ ಪದಗಳ ಮೇಲೆ ಬೆರಳಿಟ್ಟರು. “ಇದನ್ನ ನಾ ಹೇಳಿಲ್ಲಲ್ರಿ.”

ಹೊಡೆದುಹಾಕಿದೆ. ಆಕೆ ಕೆಳಗೆ ಪೂರ್ತಿ ಹೆಸರು ಬರೆದು ಸಹಿ ಮಾಡಿದರು. ಉಳಿದ ಮಕ್ಕಳ ಹಾಡುಗಳೆಲ್ಲ ಅಂಗಡಿಗೆ ಬಂದಿವೆ. ಆ ಪತ್ರಕ್ಕೆ ಕಂಪನಿ ಇನ್ನೂ ಉತ್ತರಿಸಿಲ್ಲ.