ತಿರುಗಿ ಮಾಡಿದರೆ ಹೋಗದ ನಂಬರು

ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದವಳು ನಾನೇ ಮೊದಲು. ಇದನ್ನು ಹೇಳಿಕೊಳ್ಳುವುದಕ್ಕೆ ನನಗೆ ಇವತ್ತಿಗೂ ಸಂಕೋಚವಿಲ್ಲ. ತಿಪ್ಪಸಂದ್ರದ ಕಡೆಯ ಒಂದು ಹಳ್ಳಿಯಿಂದ ಮಾಗಡಿಯ ಕಾಲೇಜಿಗೆ ಬಸ್ಸಿನಲ್ಲಿ, ಬಹುಪಾಲು ನಿಂತುಕೊಂಡೇ, ಹೋಗಿ ಬಂದು ಬಿ.ಕಾಂ. ಮಾಡಿದವಳು. ಬೆಳಿಗ್ಗೆ ಹಾಲು ಕರೆದು ಡೈರಿಗೆ ಹಾಕಿ, ಅದೇ ಕೈಯಲ್ಲಿ ಪುಸ್ತಕ ಹಿಡಿದು ಓಡಬೇಕಿತ್ತು. ಸೀರೆಯಂಗಡಿಯವರ ಮಗಳೊಬ್ಬಳು ನನ್ನ ಪಕ್ಕ ಕೂತಾಗ ಮೂಗಿನ ಮೇಲೆ ಕರ್ಚೀಫು ಇಟ್ಟುಕೊಳ್ಳುತ್ತಿದ್ದಳು. ನಾನು ಅವಳ ಮುಖ ನೋಡುತ್ತಿರಲಿಲ್ಲ, ಬೋರ್ಡು ನೋಡುತ್ತಿದ್ದೆ.

ಡಿಗ್ರಿಯಾದ ಮೇಲೆ ಬಿಡದಿ ಹತ್ತಿರದ ಒಂದು ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತು. ಕಾರುಗಳ ಒಳಗೆ ಹಾಯುವ ವೈರುಗಳನ್ನು ಜೋಡಿಸಿ ಕಟ್ಟು ಕಟ್ಟುವ ಕಾರ್ಖಾನೆ. ಆಗ ಆ ರಸ್ತೆಯ ಎರಡೂ ಬದಿ ರಾಗಿ ಹೊಲಗಳ ಜಾಗದಲ್ಲಿ ಶೆಡ್ಡುಗಳು ಏಳುತ್ತಿದ್ದ ಕಾಲ. ವೈರಿನ ಕೆಲಸಕ್ಕೆ ಬೆರಳು ಚುರುಕಾಗಿರಬೇಕೆಂದು ಹೆಣ್ಣುಮಕ್ಕಳನ್ನೇ ಹೆಚ್ಚಾಗಿ ತೆಗೆದುಕೊಳ್ಳುತ್ತಿದ್ದರು. ಕಂಪನಿಯ ಬಸ್ಸುಗಳು ಮಾಗಡಿ, ಚನ್ನಪಟ್ಟಣ, ಕನಕಪುರದ ದಿಕ್ಕಿಗೆಲ್ಲ ಹೋಗಿ ಹುಡುಗಿಯರನ್ನು ಕರೆತರುತ್ತಿದ್ದವು. ನನ್ನದು ಫೋನಿನ ಕೆಲಸ. ಅರ್ಜಿ ಹಾಕಿದವರನ್ನು ಇಂಟರ್‌ವ್ಯೂಗೆ ಕರೆಯುವುದು, ಆಯ್ಕೆಯಾದವರಿಗೆ ತರಬೇತಿ ಯಾವತ್ತು ಶುರು ಎಂದು ತಿಳಿಸುವುದು, ಜೊತೆಗೆ ಕಂಪನಿಯ ಹೆಸರಿನಲ್ಲಿದ್ದ ನಂಬರುಗಳನ್ನೆಲ್ಲ ನೋಡಿಕೊಳ್ಳುವುದು. ಯಾವ ನಂಬರು ಯಾರ ಮೇಜಿಗೆ, ಯಾವುದಕ್ಕೆ ದಾಖಲೆ ಕೊಡಬೇಕು, ಯಾವುದನ್ನು ಉಳಿಸಬೇಕು, ಯಾವುದನ್ನು ವಾಪಸು ಕೊಡಬೇಕು ಎಲ್ಲ ನನ್ನ ತಲೆಗೆ. ಊರಲ್ಲಿ ಯಾರಾದರೂ ಕೇಳಿದರೆ ಅಮ್ಮ "ಆಫೀಸ್ ಕೆಲ್ಸ" ಎನ್ನುತ್ತಿದ್ದಳು. ಅಪ್ಪ ಮಾತ್ರ, "ಎಮ್ಮೆ ಕಾಯದ್ ಬುಟ್ಟು ಫೋನ್ ಕಾಯ್ತಾ ಅವ್ಳೆ" ಎಂದು ನಗಾಡುತ್ತಿದ್ದ.

ಆ ಅಪ್ಪ ನನ್ನನ್ನು ಕೆಲಸಕ್ಕೆ ಸುಮ್ಮನೆ ಕಳಿಸಿರಲಿಲ್ಲ. ನಿಮ್ಮ ಮಗಳು ಆಯ್ಕೆಯಾಗಿದ್ದಾಳೆ ಎಂದು ಪಕ್ಕದ ಮನೆಯ ಫೋನಿಗೆ ಕರೆ ಬಂದಾಗ ಆಗಲಿ ಅಂದು ನಂಬರು ಬರೆದಿಟ್ಟುಕೊಂಡ. ಎರಡು ದಿನ ಕಳೆಯಿತು. ಭಾನುವಾರ, ಯಾರಿಗೂ ಹೇಳದೆ ತಿಪ್ಪಸಂದ್ರಕ್ಕೆ ಹೋಗಿ, ಅಂಗಡಿಯ ಮುಂದಿನ ಕಾಯಿನ್ ಫೋನಿನಿಂದ ಆ ನಂಬರಿಗೆ ಮಾಡಿದ. ಗೇಟಿನವರು ಎತ್ತಿದರು. ಆಗ ಆರ್ಡರು ಜೋರಾಗಿ ಭಾನುವಾರವೂ ಕೆಲಸ ನಡೆಯುತ್ತಿತ್ತಂತೆ. ಮನೆಗೆ ಬಂದು, "ಮಿಷನ್ ಸದ್ದು ಕೇಳುಸ್ತು. ಹೋಗು" ಅಂದ. ಅಷ್ಟೇ.

ಕೆಲಸಕ್ಕೆ ಸೇರಿದ ಮೇಲೆ ತಿಳಿಯಿತು, ಹೀಗೆ ಮಾಡುವವನು ನಮ್ಮಪ್ಪ ಒಬ್ಬನೇ ಅಲ್ಲ. ಹುಡುಗಿಯರ ಕೈಯಲ್ಲಿ ಮೊಬೈಲು ಇರಲಿಲ್ಲ. ಮನೆಗೊಂದು ಫೋನು, ಅದು ಅಪ್ಪನ ಜೇಬಿನಲ್ಲಿ. ನಾನು ಕರೆ ಮಾಡಿದರೆ ಅಪ್ಪಂದಿರು ಹ್ಞೂಂ ಹ್ಞೂಂ ಎಂದು ಕೇಳಿ ಇಟ್ಟುಬಿಡುವರು. ಒಂದೆರಡು ದಿನ ಬಿಟ್ಟು, ನಾವು ನಿರೀಕ್ಷಿಸದ ಹೊತ್ತಿನಲ್ಲಿ, ಅದೇ ನಂಬರಿಗೆ ತಿರುಗಿ ಮಾಡುವರು. ಹೆಣ್ಣು ಕೊಡುವ ಮುಂಚೆ ಗಂಡಿನ ಊರಿಗೆ ಹೇಳದೆ ಕೇಳದೆ ಒಂದು ಸಲ ಹೋಗಿ, ಮನೆ ಮುಂದೆ ಹಾದು ಬರುತ್ತಾರಲ್ಲ, ಹಾಗೆ. ಯಾರು ಎತ್ತುತ್ತಾರೆ, ಹೇಗೆ ಮಾತಾಡಿಸುತ್ತಾರೆ, ಅವರಿಗೆ ಅದೇ ಪರೀಕ್ಷೆ. ಅದರಲ್ಲಿ ಪಾಸಾದರೆ ಸೋಮವಾರ ಹುಡುಗಿ ಬಸ್ಸಿನಲ್ಲಿರುತ್ತಿದ್ದಳು.

ಎರಡು ಸಾವಿರದ ಹತ್ತರ ಹೊತ್ತಿಗೆ ಫೋನಿನ ಕಾಟ ಎಲ್ಲರಿಗೂ ಹೆಚ್ಚಾಯಿತು. ಸೈಟು ಕೊಳ್ಳಿ, ಲೋನು ತಗೊಳ್ಳಿ ಎಂದು ಹೊತ್ತುಗೊತ್ತಿಲ್ಲದೆ ಕರೆಗಳು. ಜನರ ದೂರು ಹೆಚ್ಚಿ, ವ್ಯಾಪಾರದ ಕರೆಗಳಿಗೆ ನಿಯಮ ಬಂತು. ಅಂಥ ಕರೆ ಮಾಡುವವರು ನೋಂದಾಯಿಸಿಕೊಂಡು, ಅದಕ್ಕೆಂದೇ ಇಟ್ಟ ನಂಬರಿನಿಂದಲೇ ಮಾಡಬೇಕು. ನೂರ ನಲವತ್ತರಿಂದ ಶುರುವಾಗುವ ನಂಬರು. ನೋಡಿದ ಕೂಡಲೇ ಇದು ವ್ಯಾಪಾರದ ಕರೆ ಎಂದು ಗೊತ್ತಾಗಬೇಕು, ಬೇಡದವರು ಎತ್ತದಿರಬಹುದು. ಒಳ್ಳೆಯ ನಿಯಮವೇ. ಆದರೆ ಆ ನಂಬರಿನಿಂದ ಕರೆ ಹೋಗುತ್ತಿತ್ತೇ ಹೊರತು ಅದಕ್ಕೆ ತಿರುಗಿ ಬರುತ್ತಿರಲಿಲ್ಲ.

ನಮ್ಮ ಮ್ಯಾನೇಜರು ಬೆಂಗಳೂರಿನವರು, ಕೆಟ್ಟವರಲ್ಲ, ನಿಯಮಕ್ಕೆ ಹೆದರುವವರು. ದಿನಕ್ಕೆ ಇಷ್ಟೊಂದು ಮನೆಗಳಿಗೆ ಕರೆ ಮಾಡುತ್ತೇವೆ, ಯಾರಾದರೂ ದೂರು ಕೊಟ್ಟರೆ ಇರುವ ಲೈನೂ ಹೋದೀತು ಎಂದು ಎಲ್ಲ ಕರೆಗಳನ್ನೂ ಹೊಸ ನಂಬರಿಗೆ ಬದಲಾಯಿಸಿದರು. ಅಲ್ಲಿಯವರೆಗೆ ನಾವು ಕರೆ ಮಾಡುತ್ತಿದ್ದ, ಗೇಟಿನ ಪಕ್ಕದ ಹಳೆಯ ಲ್ಯಾಂಡ್‌ಲೈನನ್ನು ವಾಪಸು ಕೊಡಲು ಅರ್ಜಿ ತಯಾರು ಮಾಡು ಎಂದು ನನಗೇ ಹೇಳಿದರು. "ಇದು ರಿಜಿಸ್ಟರ್ ಆದ ನಂಬರಮ್ಮ. ಇದಕ್ಕಿಂತ ನಂಬಿಕಸ್ಥ ನಂಬರು ಇನ್ನೊಂದಿಲ್ಲ" ಅಂದರು.

ಅವತ್ತಿನಿಂದ ನಮ್ಮ ಬಸ್ಸುಗಳಲ್ಲಿ ಸೀಟು ಖಾಲಿ ಉಳಿಯತೊಡಗಿದವು. ಕರೆ ಮಾಡಿದಾಗ ಆಗಲಿ ಎಂದವರು ಸೋಮವಾರ ಬರುತ್ತಿರಲಿಲ್ಲ. ಯಾಕೆಂದು ನನಗೆ ತಿಳಿದದ್ದು ಒಂದು ಶುಕ್ರವಾರ, ಕನಕಪುರದ ಕಡೆಯ ಒಬ್ಬ ಹುಡುಗಿಯಿಂದ. ಪಿಯುಸಿ ಮುಗಿಸಿದ ಹುಡುಗಿ, ಇಂಟರ್‌ವ್ಯೂನಲ್ಲಿ ವೈರು ಕಟ್ಟಿ ತೋರಿಸು ಎಂದಾಗ ಎಲ್ಲರಿಗಿಂತ ಮುಂಚೆ ಕಟ್ಟಿ ಕೈ ಕಟ್ಟಿಕೊಂಡು ನಿಂತಿದ್ದವಳು. ಬರುವ ಸೋಮವಾರ ಅವಳ ತರಬೇತಿ ಶುರು. ಅವಳು ಕರೆ ಮಾಡಿದ್ದು ಹಳೆಯ ಲ್ಯಾಂಡ್‌ಲೈನಿಗೆ. ಕಂಪನಿ ಬಸ್ಸಿನ ಹಿಂದೆ ಬರೆದಿದ್ದ ನಂಬರನ್ನು ನೋಡಿಕೊಂಡಿದ್ದಳು.

"ಅಕ್ಕ, ನಮ್ಮಪ್ಪ ಕಳುಸಲ್ಲ ಅಂತೈತೆ. ನೀವು ಮಾಡಿದ್ ನಂಬರ್ಗೆ ತಿರುಗ್ಸಿ ಮಾಡುದ್ರೆ ಹೋಗಲ್ಲ. ಅಪ್ಪ ಊರೋರ ಫೋನೆಲ್ಲ ಇಸ್ಕಂಡು ಮಾಡ್ತು. ಇವ್ರು ಕಳ್ರು ಅಂತೈತೆ."

"ನೀನೇ ಬಂದು ಫ್ಯಾಕ್ಟ್ರಿ ನೋಡಿದ್ದೀಯಲ್ಲ, ಹೇಳು."

"ಯೋಳ್ದೆ ಅಕ್ಕ. ಬಿಲ್ಡಿಂಗ್ ಯಾರ್ ಬೇಕಾದ್ರೂ ತೋರುಸ್ತಾರೆ ಅಂತು." ಆಮೇಲೆ, "ಸೋಮ್ವಾರ ಬರ್ನಿಲ್ಲ ಅಂದ್ರೆ ನನ್ ಸೀಟು ಬ್ಯಾರೇರ್ಗೆ ಕೊಟ್ಬುಡ್ತೀರಾ?" ಎಂದಳು.

ಹೌದು ಎಂದೆ. ಸುಳ್ಳು ಹೇಳಿ ಪ್ರಯೋಜನವಿರಲಿಲ್ಲ.

ಮ್ಯಾನೇಜರ ಹತ್ತಿರ ಹೋದೆ. "ಸರ್, ಕೆಲಸ ಇದೆ ಬನ್ನಿ ಅಂತ ಊರಿಗೆಲ್ಲ ಕರೆ ಮಾಡೋದು ಜಾಹೀರಾತು. ಅದು ಆ ನಂಬರಿಂದಲೇ ಹೋಗಲಿ. ತಾವಾಗೇ ಅರ್ಜಿ ಕೊಟ್ಟು, ಪಾಸಾಗಿ, ಕಾಯ್ತಾ ಇರೋರಿಗೆ ಮಾಡೋದು ಹೇಗೆ ಜಾಹೀರಾತಾಗುತ್ತೆ? ನಾನು ನಿಯಮ ಓದಿದ್ದೀನಿ."

"ಒಂದು ಸೀಟಿಗೆ ಇಷ್ಟು ತಲೆ ಕೆಡಿಸ್ಕೋಬೇಡಮ್ಮ. ವೇಟಿಂಗಲ್ಲಿ ಬೇರೆ ಹುಡುಗೀರಿದ್ದಾರೆ."

"ಅವರಿಗೂ ಅಪ್ಪಂದಿರಿದ್ದಾರೆ ಸರ್."

ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು. ಸೋಮವಾರದವರೆಗೆ ಏನಾದರೂ ಮಾಡಿಕೋ, ಸೋಮವಾರ ಬೆಳಿಗ್ಗೆ ಬಾರದಿದ್ದರೆ ವೇಟಿಂಗಿನವಳನ್ನು ಕರೆಯುತ್ತೇನೆ ಎಂದರು.

ಲ್ಯಾಂಡ್‌ಲೈನಿನಿಂದ ಆ ಅಪ್ಪನಿಗೆ ಮಾಡಿದೆ. ನಾನು ಯಾರು, ಎಲ್ಲಿಂದ, ಈ ನಂಬರು ಯಾವುದು ಎಲ್ಲ ಹೇಳಿದೆ. ಅತ್ತಲಿಂದ ದನದ ಕೊರಳಿನ ಗಂಟೆಯ ಸದ್ದು ಬರುತ್ತಿತ್ತು. "ವಾರದಾಗೆ ಎರಡು ನಂಬರು ಬದಲಾಯ್ಸಿದ್ರಿ" ಅಂದು ಇಟ್ಟುಬಿಟ್ಟರು.

ಹೋಯಿತು ಎಂದು ನನಗನ್ನಿಸಲಿಲ್ಲ. ನಂಬದವರು ಬೈಯುತ್ತಾರೆ, ಇವರು ಬೈದಿರಲಿಲ್ಲ. ಇವರು ತಿರುಗಿ ಮಾಡುತ್ತಾರೆ, ಯಾವಾಗ ಯಾರೂ ಇರುವುದಿಲ್ಲವೋ ಆವಾಗ ಮಾಡುತ್ತಾರೆ. ಅಷ್ಟು ಹೊತ್ತಿಗೆ ಆರ್ಡರು ಇಳಿದು ಭಾನುವಾರ ರಜೆ ಇರುತ್ತಿತ್ತು. ಗೇಟಿನವರು ಸುತ್ತು ಹಾಕಲು ಹೋದರೆ ಫೋನು ಬಡಿದುಕೊಂಡು ಸುಮ್ಮನಾಗುತ್ತಿತ್ತು. ಹಾಗಾಗಿ ಭಾನುವಾರ ತಿಂಡಿ ತಿಂದು ಮಾಗಡಿಗೆ ಬಂದು ಬಿಡದಿಯ ಬಸ್ಸು ಹಿಡಿದೆ.

ಗೇಟಿನಲ್ಲಿದ್ದವರು ಚನ್ನಪಟ್ಟಣದ ಸಾಬರು, ವಯಸ್ಸಾದವರು. ಮೊದಲು ಬೊಂಬೆ ಕಡೆಯುತ್ತಿದ್ದರಂತೆ, ಕೆಮ್ಮು ಹಿಡಿದ ಮೇಲೆ ಬಿಟ್ಟಿದ್ದರು.

"ಕ್ಯಾ ಬೇಟಿ, ಸಂಡೇ ದಿನಾನೂ ಬಂದ್ಬುಟ್ರಿ? ಮನೇಲಿ ಅಕ್ಕಿ ಮುಗೀತಾ?"

"ಒಂದು ಫೋನ್ ಬರ್ಬೇಕು ಅಣ್ಣ."

"ಗಂಡಿನ ಕಡೇದಾ?"

"ಹೆಣ್ಣಿನ ಕಡೇದು."

ಅವರು ನಕ್ಕು, ತಮ್ಮ ಸ್ಟೂಲನ್ನು ನನಗೆ ಕೊಟ್ಟು ಹೊರಗೆ ಕೂತರು. ಮಿಷನ್ನು ನಿಂತ ಕಾರ್ಖಾನೆ ಹೇಗಿರುತ್ತದೆಂದು ನಾನು ನೋಡಿರಲಿಲ್ಲ. ತಗಡಿನ ಮೇಲೆ ಕಾಗೆ ನಡೆದರೂ ಕೇಳುತ್ತಿತ್ತು. ಮಧ್ಯಾಹ್ನದ ತನಕ ಬಂದದ್ದು ಒಂದೇ ಕರೆ, ದಾರಿ ತಪ್ಪಿದ ಲಾರಿಯವನದು. ಊಟದ ಡಬ್ಬಿ ತೆರೆದು ಒಂದು ತುತ್ತು ಬಾಯಿಗಿಟ್ಟಿದ್ದೆ, ಫೋನು ಬಡಿಯಿತು. ಎತ್ತಿ ಹೇಳಿ ಎಂದೆ. ಅತ್ತ ಇಟ್ಟುಬಿಟ್ಟರು.

"ನೀವೇ ಮಾಡಿ ಬೇಟಿ" ಎಂದರು ಸಾಬರು.

ನಾನು ಮಾಡಲಿಲ್ಲ. ಅವಸರ ಮಾಡುವವರನ್ನು ನಮ್ಮ ಕಡೆಯವರು ನಂಬುವುದಿಲ್ಲ. ಡಬ್ಬಿ ಮುಚ್ಚಿ ಕೂತೆ. ಮತ್ತೆ ಬಡಿಯಿತು.

"ಯಾರವ್ವ ಅದು ಮಾತಾಡ್ತಿರದು?"

ಹೇಳಿದೆ.

"ಭಾನ್ವಾರ ಏನ್ ಮಾಡ್ತಿದ್ದೀಯ ಅಲ್ಲಿ?"

"ನೀವು ಮಾಡ್ತೀರ ಅಂತ ಕಾಯ್ತಾ ಇದ್ದೆ."

"ಒಸಿ ಯಾರಾರ ಗಂಡಸ್ರಿದ್ರೆ ಕೊಡು" ಎಂದರು.

ಸಾಬರು ಬಾಗಿಲಲ್ಲೇ ನಿಂತಿದ್ದರು, ಕೊಡಬಹುದಿತ್ತು. ಆದರೆ ಕೊಡಬಾರದು ಅನ್ನಿಸಿತು. "ಈ ಫೋನು ನೋಡ್ಕೊಳೋಳು ನಾನು ಯಜಮಾನ್ರೇ. ನಾಳೆ ನಿಮ್ಮ ಮಗಳು ಬಂದ್ರೂ ನೀವು ಮಾಡಿದ್ರೆ ಎತ್ತೋಳು ನಾನೇ. ಏನಿದ್ರೂ ನನ್ನನ್ನೇ ಕೇಳಿ."

"ಯಾವೂರು?"

ಹೇಳಿದೆ. ಅಪ್ಪನ ಕಸುಬು ಏನು, ಎಷ್ಟು ಓದಿದ್ದೀಯ, ನಿನ್ನನ್ನು ಹೆಂಗೆ ಕಳಿಸಿದರು, ಒಂದೊಂದೇ ಕೇಳಿದರು. ಇಂಟರ್‌ವ್ಯೂನಲ್ಲಿ ಕೂಡ ನನ್ನನ್ನು ಯಾರೂ ಇಷ್ಟು ಕೇಳಿರಲಿಲ್ಲ. ಆಮೇಲೆ ದನಿ ತಗ್ಗಿಸಿ ಅವರೇ ಹೇಳಿದರು.

"ನಮ್ ಪಕ್ಕದೂರ್ನಾಗೆ ಒಂದ್ ಹೆಣ್ ಮಗೀನ ಹಿಂಗೇ ಫೋನ್ ಮಾಡಿ ಕರ್ಕಂಡೋದ್ರು ಕಣವ್ವ. ಕೆಲ್ಸ ಕೊಡ್ತೀವಿ ಅಂತ. ಅವ್ರಪ್ಪ ತಿರುಗ್ಸಿ ಮಾಡುದ್ರೆ ನಂಬರೇ ಹೋಗ್ನಿಲ್ಲ. ಸುಮಾರ್ ದಿನ ಆದ್ಮೇಲೆ ಎಲ್ಲೋ ಸಿಕ್ತು. ಕರ್ಕಂಡ್ ಬಂದವ್ರೆ. ಮಗ ಯಾರ್ತಾವೂ ಮಾತಾಡಲ್ಲ ಈಗ. ಗ್ವಾಡೆ ನೋಡ್ಕಂಡು ಕುಂತಿರ್ತದೆ. ನಾನು ಓಗಿ ನೋಡ್ಕಂಡ್ ಬಂದೆ."

ನಿಯಮ, ನೋಂದಣಿ, ಸೀರೀಸು, ನಾನು ಓದಿದ್ದ ಯಾವುದೂ ಆ ಮಾತಿನ ಮುಂದೆ ನಿಲ್ಲುವಂಥದ್ದಲ್ಲ. ಕಳ್ಳನ ನಂಬರೂ ತಿರುಗಿ ಮಾಡಿದರೆ ಹೋಗಲಿಲ್ಲ, ಸರ್ಕಾರ ಕೊಟ್ಟ ನಂಬರೂ ಹೋಗಲಿಲ್ಲ. ಹೊಲದಲ್ಲಿ ನಿಂತು ಮಾಡುವ ಮನುಷ್ಯನಿಗೆ ಎರಡಕ್ಕೂ ವ್ಯತ್ಯಾಸ ಹೇಗೆ ಗೊತ್ತಾಗಬೇಕು?

"ಯಜಮಾನ್ರೇ, ಅಂಥದ್ದು ಇಲ್ಲಿಲ್ಲ ಅಂತ ಬಾಯಲ್ಲಿ ಹೇಳಿದ್ರೆ ನೀವು ನಂಬಬೇಡಿ. ಬಂದು ನೋಡಿ" ಎಂದೆ.

"ಆಗ್ಲಿ, ಇಡವ್ವ" ಎಂದರು.

ಸೋಮವಾರ ಕನಕಪುರದ ಬಸ್ಸು ಬಂತು. ಹುಡುಗಿಯರು ಒಬ್ಬೊಬ್ಬರೇ ಇಳಿದರು. ಅವಳಿರಲಿಲ್ಲ. ಡ್ರೈವರನ್ನು ಕೇಳಿದೆ, ಆ ಸ್ಟಾಪಿನಲ್ಲಿ ಯಾರೂ ಹತ್ತಲಿಲ್ಲ ಎಂದ. ತರಬೇತಿಯ ಕೋಣೆಯಲ್ಲಿ ಹೆಸರು ಕೂಗಲು ಶುರು ಮಾಡಿದ್ದರು. ಮ್ಯಾನೇಜರು ಬಾಗಿಲಿಗೆ ಬಂದು ನನ್ನ ಕಡೆ ನೋಡಿದರು. ಇನ್ನೊಂದು ಸ್ವಲ್ಪ ಹೊತ್ತು ಸರ್ ಎಂದೆ. ಅವರು ಗಡಿಯಾರ ನೋಡಿಕೊಂಡು, ವೇಟಿಂಗಿನವಳ ನಂಬರು ತೆಗೆದಿಡು ಎಂದರು. ತೆಗೆದಿಟ್ಟೆ.

ಆಗ ಸಾಬರು ಕಿಟಕಿ ತಟ್ಟಿ ಕರೆದರು. ಗೇಟಿನ ಹೊರಗೆ ಅವಳು ನಿಂತಿದ್ದಳು, ಪಕ್ಕದಲ್ಲಿ ಒಗೆದ ಬಿಳಿ ಅಂಗಿಯ, ತೆಳ್ಳನೆಯ ಒಬ್ಬ ಮನುಷ್ಯ. ಕಂಪನಿ ಬಸ್ಸನ್ನು ನೆಚ್ಚದೆ, ಸರ್ಕಾರಿ ಬಸ್ಸಿನಲ್ಲಿ ರಾಮನಗರಕ್ಕೆ ಬಂದು, ಅಲ್ಲಿಂದ ಇನ್ನೊಂದು ಹಿಡಿದು ಬಂದಿದ್ದರು. ಹುಡುಗಿಯನ್ನು ಒಳಗೆ ಓಡು ಎಂದೆ. ಅವಳು ಅಪ್ಪನ ಮುಖ ನೋಡಿದಳು. ಅವರು ತಲೆಯಾಡಿಸಿದರು. ಓಡಿದಳು.

ಅಪ್ಪ ಕಾರ್ಖಾನೆ ನೋಡಲಿಲ್ಲ, ಬೋರ್ಡು ನೋಡಲಿಲ್ಲ. "ಆ ಫೋನು ಎಲ್ಲೈತೆ?" ಎಂದರು.

ಗೇಟಿನ ಕೋಣೆಗೆ ಕರೆದುಕೊಂಡು ಹೋಗಿ ತೋರಿಸಿದೆ. ಬಣ್ಣ ಮಾಸಿದ, ವೈರು ಸುರುಳಿಗಟ್ಟಿದ ಸಾಧಾರಣ ಫೋನು. ಅವರು ಅದನ್ನು ಮುಟ್ಟಲಿಲ್ಲ. "ಇದ್ರಿಂದ ನನ್ ಫೋನ್ಗೆ ಮಾಡು" ಎಂದರು. ಮಾಡಿದೆ. ಅವರ ಜೇಬಿನಲ್ಲಿ ಮೊಬೈಲು ಬಡಿಯಿತು. ತೆಗೆದು, ದೂರ ಹಿಡಿದು, ಕಣ್ಣು ಕಿರಿದು ಮಾಡಿ ಪರದೆ ನೋಡಿದರು. ಬಡಿದು ನಿಲ್ಲುವವರೆಗೂ ನೋಡುತ್ತಲೇ ಇದ್ದರು. ಆಮೇಲೆ ಮೊಬೈಲನ್ನು ಸಾಬರ ಕೈಗೆ ಕೊಟ್ಟರು.

"ಇದ್ನ ಇದ್ರಾಗೆ ಮಡಗ್ಕೊಡಣ್ಣ. ನಂಗೆ ಬರಾಕಿಲ್ಲ."

"ಏನಂತ ಹೆಸ್ರು ಹಾಕ್ಲಿ? ಕಂಪ್ನಿ ಅಂತ ಹಾಕ್ಲಾ?"

"ಮಗಳು ಅಂತ ಹಾಕು."

ಸಾಬರು ಒಂದೊಂದೇ ಅಕ್ಷರ ಒತ್ತಿದರು. ಹುಡುಗಿಯ ಅಪ್ಪ ಮೊಬೈಲು ತೆಗೆದುಕೊಂಡು, ನನಗೆ ಬತ್ತೀನಿ ಕಣವ್ವ ಎಂದು ಹೇಳಿ, ರಸ್ತೆಯ ಅಂಚಿನಲ್ಲೇ ನಡೆದುಕೊಂಡು ಬಸ್ ಸ್ಟಾಪಿನ ಕಡೆ ಹೋದರು.

ಮಧ್ಯಾಹ್ನ ಮ್ಯಾನೇಜರು ಲ್ಯಾಂಡ್‌ಲೈನಿನ ಅರ್ಜಿ ಎಲ್ಲಿ ಎಂದು ಕೇಳಿದರು. ತಯಾರು ಮಾಡಿಲ್ಲ, ಮಾಡುವುದೂ ಇಲ್ಲ ಎಂದೆ. ಯಾಕೆ ಎಂದರು. ಬೆಳಿಗ್ಗೆ ನಡೆದದ್ದನ್ನು ಇದ್ದ ಹಾಗೆ ಹೇಳಿದೆ, ಪಕ್ಕದೂರಿನ ಹುಡುಗಿಯ ವಿಷಯವನ್ನೂ ಸೇರಿಸಿ. ಅವರಿಗೂ ಇಬ್ಬರು ಹೆಣ್ಣುಮಕ್ಕಳು. ಆಯ್ಕೆಯಾದವರಿಗೆಲ್ಲ ಇನ್ನು ಅದರಿಂದಲೇ ಮಾಡು, ಭಾನುವಾರವೂ ಅದರ ಹತ್ತಿರ ಯಾರಾದರೂ ಇರಲಿ ಎಂದರು.

ಮೊದಲ ಭಾನುವಾರಗಳಲ್ಲಿ ಆ ಯಾರಾದರೂ ನಾನೇ ಆಗಿದ್ದೆ.